ತಾಯಿಯಲ್ಲದ ತಾಯಂದಿರು



ನಮ್ಮ ಬಿಕರ್ನಕಟ್ಟೆಯು ಊರೂ ಅಹುದು, ದಾರಿಯೂ ಅಹುದು. ನಂತೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯು ಇಲ್ಲಿಯ ಕೈಕಂಬವನ್ನು ಹಾದು, ಕುಲಶೇಖರ ವಾಮಂಜೂರುಗಳನ್ನು ದಾಟಿ, ಗುರುಪುರದ ಹೊಳೆಯಾಚೆಗೆ ಹಳ್ಳಿಗಾಡನ್ನು ಸೇರುತ್ತದೆ. ಆ ಹಳ್ಳಿಗಳವರು ಮಂಗಳೂರಿನ ಆಸ್ಪತ್ರೆಗಾಗಲಿ, ಕಛೇರಿಗಾಗಲಿ, ನ್ಯಾಯಾಲಯಕ್ಕಾಗಲಿ ಹೋಗಬೇಕಾದರೆ ಈ ದಾರಿಯನ್ನೇ ಹಿಡಿಯಬೇಕು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದಂದಿನಿಂದ ನಮ್ಮ ಮನೆಯ ಜಗಲಿಯು ಅರ್ಜಿ ಬರೆಯಿಸಿಕೊಳ್ಳುವವರಿಗೆ ಒಂದು ತಂಗುದಾಣವಾಗಿದೆ. ನಮ್ಮಲ್ಲಿ ಸಂಸ್ಕೃತ ವ್ಯಾಕರಣವನ್ನು ಕೇಳಲು ಬರುವವರು ವರ್ಷಕ್ಕೊಬ್ಬರು. ಅರ್ಜಿಗಾಗಿ ಬರುವವರು ದಿನಕ್ಕಿಬ್ಬರು. ಇದರಲ್ಲಿ ನಮಗೆ ವ್ಯಸನವಿಲ್ಲ. ಲೋಕದ ಕಷ್ಟವನ್ನು ಅರಿಯುವುದಕ್ಕೆ ಅರ್ಜಿಗಿಂತ ಮಿಗಿಲಾದ ಗ್ರಂಥವು ಬೇರೊಂದಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅರುವತ್ತೆಂಟು ವರ್ಷ ಪ್ರಾಯದ ಓರ್ವ ಹೆಂಗಸು ನಮ್ಮ ಜಗಲಿಯನ್ನು ಏರಿದಳು. ಒಂದು ಕೈಯನ್ನು ಆರು ವರ್ಷದ ಹುಡುಗನೂ ಇನ್ನೊಂದನ್ನು ಹನ್ನೊಂದು ವರ್ಷದ ಹುಡುಗಿಯೂ ಹಿಡಿದಿದ್ದರು. ಮಗಳ ಮಕ್ಕಳು. ಮಕ್ಕಳ ತಂದೆಯು ಅಡಿಕೆಯ ಮರದಿಂದ ಬಿದ್ದು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಾಯಿಯು ಕಾಯಿಲೆಯಿಂದ ಹೋಗಿ ಎಂಟು ತಿಂಗಳು. ಅಂದಿನಿಂದ ಮೊಮ್ಮಕ್ಕಳಿಬ್ಬರೂ ಈಕೆಯ ಮಡಿಲಲ್ಲಿ. ಆ ಮಡಿಲಲ್ಲಿ ಮೊದಲೇ ಬೀಡಿಯ ಗೆರಸೆಯೊಂದಿತ್ತು. ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿಯಿಂದ ಈಕೆಯು ಮಗಳನ್ನು ಸಾಕಿದ್ದಳು. ಈಗ ಅದೇ ಕೂಲಿಯಿಂದ ಮಗಳ ಮಕ್ಕಳನ್ನು ಸಾಕಬೇಕು. ಆದರೆ ಬೆರಳು ಮೊದಲಿನಂತೆ ಓಡುವುದಿಲ್ಲ. ಕಣ್ಣು ಸಂಜೆಯ ಮೇಲೆ ನೂಲನ್ನು ಕಾಣುವುದಿಲ್ಲ.

ಹುಡುಗಿಯ ವಿದ್ಯಾರ್ಥಿವೇತನದ ಕಾಗದವನ್ನು ಹಿಡಿದು ಈಕೆಯು ಒಂದು ಕಛೇರಿಗೆ ಹೋಗಿದ್ದಳಂತೆ. ಕಾಗದದ ಅಡಿಯಲ್ಲಿ ತಂದೆ, ತಾಯಿ ಅಥವಾ ಕಾನೂನುಸಮ್ಮತ ಪೋಷಕರ ರುಜು ಎಂದು ಅಚ್ಚಾಗಿತ್ತು. ಅಲ್ಲಿ ಕುಳಿತವರು "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು. ಅಜ್ಜಿ ಎಂದು ಈಕೆ ಹೇಳಿದಳು. ಅಜ್ಜಿ ಎಂದರೆ ಸಾಲದು, ಪೋಷಕಿ ಎಂಬುದಕ್ಕೆ ಕಾಗದ ತರಬೇಕೆಂದು ಉತ್ತರವಾಯಿತು. ಈ ಸಂಗತಿಯನ್ನು ಹೇಳಿ ಮುಗಿಸಿ ಆಕೆಯು ತುಳುವಿನಲ್ಲಿ ನಮ್ಮನ್ನು ಕೇಳಿದ ಮಾತಿದು: "ಮಾಷ್ಟ್ರೇ, ಮಗಳನ್ನು ಹೆತ್ತಾಗ ಯಾರೂ ಕಾಗದ ಕೇಳಲಿಲ್ಲ. ಮಗಳ ಮಕ್ಕಳಿಗೆ ಗಂಜಿ ಹಾಕುವುದಕ್ಕೆ ಬೇಕಾದ ಕಾಗದ ಎಲ್ಲಿ ಸಿಗುತ್ತದೆ?"

ಈ ತಿಂಗಳು ನಾವು ಬರೆಯತಕ್ಕುದು ಆ ಪ್ರಶ್ನೆಯನ್ನು ಕುರಿತೇ.

ಮೊದಲು ನಮ್ಮದೊಂದು ಅಪರಾಧವನ್ನು ಒಪ್ಪಿಕೊಳ್ಳುವುದು ಧರ್ಮ. ನಾವು ಒಂದು ಹಳ್ಳಿಯ ಶಾಲೆಯಲ್ಲಿದ್ದ ಕಾಲದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರಗತಿಪತ್ರಕ್ಕೆ ಮನೆಯವರ ರುಜು ಹಾಕಿಸಿ ತರಲಿಲ್ಲ. ಮೂರು ದಿನ ಕೇಳಿದೆವು. ಹುಡುಗಿಯು ತಲೆ ತಗ್ಗಿಸಿ ನಿಂತಳೇ ಹೊರತು ಮಾತನಾಡಲಿಲ್ಲ. ನಾಲ್ಕನೆಯ ದಿನ ನಾವು ಸಿಟ್ಟಿನಿಂದ, "ಅಪ್ಪನನ್ನು ಕರೆದುಕೊಂಡು ಬಾ, ಅಲ್ಲಿಯವರೆಗೆ ತರಗತಿಗೆ ಬರಬೇಡ" ಎಂದೆವು. ಹುಡುಗಿ ಹೋದಳು, ಮರಳಿ ಬರಲಿಲ್ಲ. ಎರಡು ವಾರ ಕಳೆದ ಮೇಲೆ ಅವಳಿಗೆ ತಂದೆತಾಯಿಗಳಿಬ್ಬರೂ ಇಲ್ಲವೆಂಬುದೂ, ಚಿಕ್ಕಮ್ಮನು ಸಾಕುತ್ತಿರುವಳೆಂಬುದೂ ತಿಳಿಯಿತು. ನಾವು ಆ ಮನೆಯನ್ನು ಹುಡುಕಿಕೊಂಡು ಹೋದೆವು. ಆಗಲೇ ಹುಡುಗಿಯ ಬೆರಳು ಬೀಡಿಯ ನೂಲಿಗೆ ಒಗ್ಗಿಹೋಗಿತ್ತು. ಚಿಕ್ಕಮ್ಮನು ನಮ್ಮನ್ನು ಬೈಯಲಿಲ್ಲ. "ನಾನು ರುಜು ಹಾಕಿದರೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ ಮಾಷ್ಟ್ರೇ" ಎಂದಳು, ಅಷ್ಟೇ. ಅವಳಿಗೆ ಗೊತ್ತಿರಲಿಲ್ಲವೆಂಬುದು ಅವಳ ತಪ್ಪಲ್ಲ. ತಂದೆಯೇ ಬರಬೇಕೆಂದು ಅಬ್ಬರಿಸಿದ ನಾವು ಅದನ್ನು ಹೇಳಬೇಕಾಗಿತ್ತು. ಎಷ್ಟು ಕರೆದರೂ ಆ ಹುಡುಗಿಯು ಮತ್ತೆ ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ.

ಅನಾಥ ಶಿಶುವನ್ನು ಕುರಿತು ಪುಸ್ತಕಗಳಲ್ಲಿ ಬೇಕಾದಷ್ಟು ಕರುಣೆಯುಂಟು. ಆ ಶಿಶುವನ್ನು ಸಾಕುವ ಹೆಂಗಸನ್ನು ಕುರಿತು ಯೋಚಿಸಿದವರು ಕಡಿಮೆ. ಮಹಾಭಾರತದ ಕರ್ಣನನ್ನು ನೋಡಿರಿ. ಹೆತ್ತವಳು ರಾಜಪುತ್ರಿ, ಸಾಕಿದವಳು ಸೂತನಾದ ಅಧಿರಥನ ಹೆಂಡತಿ ರಾಧೆ. ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಕೊಡಮಾಡಿದಾಗ, ಕರ್ಣನು ಮೊದಲು ನೆನೆದುದು ತನ್ನ ಮಲಮೂತ್ರಗಳನ್ನು ತೊಳೆದ ಆ ತಾಯಿಯನ್ನು. ಅವಳಿಗೆ ಸಲ್ಲಬೇಕಾದ ಪಿಂಡವನ್ನು ತಾನು ತಪ್ಪಿಸಲಾರೆನೆಂದು ಅವನು ಹೇಳುತ್ತಾನೆ. ಲೋಕವೂ ಅವನನ್ನು ರಾಧೇಯನೆಂದೇ ಕರೆಯಿತು. ಸಾಕಿದವಳ ಹೆಸರು ಮಗನಿಗೆ ನಿಂತ ಈ ದೃಷ್ಟಾಂತವು ನಮ್ಮ ಹಿರಿಯರಿಗೆ ಗೊತ್ತಿಲ್ಲದುದಲ್ಲ. ಆದರೆ ಕಾವ್ಯದಲ್ಲಿ ದೊರೆತ ಈ ಗೌರವವು ವ್ಯವಹಾರದಲ್ಲಿ ದೊರೆಯಲಿಲ್ಲ.

ಅದಕ್ಕೆ ಕಾರಣವನ್ನು ಧರ್ಮಶಾಸ್ತ್ರದಲ್ಲಿಯೇ ನೋಡಬಹುದು. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ದತ್ತಪುತ್ರನೆಂದರೆ ತಾಯಿಯಾಗಲಿ ತಂದೆಯಾಗಲಿ ಕೊಟ್ಟ ಮಗನು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನವನು; ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಕೊಡುವ ಅಧಿಕಾರವು ತಂದೆತಾಯಿಗಳಿಗೆ ಮಾತ್ರ ಇದ್ದುದರಿಂದ, ತಂದೆತಾಯಿಗಳಿಬ್ಬರೂ ಸತ್ತ ಮಗುವನ್ನು ಕೊಡುವವರೇ ಇಲ್ಲದೆ ಹೋಯಿತು. ಕೊಡುವವರಿಲ್ಲದ ಮೇಲೆ ದತ್ತು ಹೇಗೆ? ಆದ ಕಾರಣ, ವಿಶೇಷವಾದ ಆಚಾರವಿದ್ದ ಕುಲಗಳನ್ನು ಬಿಟ್ಟರೆ, ಅನಾಥನನ್ನು ದತ್ತು ಸ್ವೀಕರಿಸುವುದು ಸಲ್ಲದೆಂದು ನ್ಯಾಯಾಲಯಗಳೂ ತೀರ್ಪುಕೊಟ್ಟವು. ಯಾವ ಮಗುವಿಗೆ ತಂದೆತಾಯಿಗಳು ಎಲ್ಲರಿಗಿಂತ ಹೆಚ್ಚು ಬೇಕೋ, ಆ ಮಗುವಿಗೇ ಬಾಗಿಲು ಮುಚ್ಚಿತ್ತು! 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಈ ಬಾಗಿಲನ್ನು ತೆರೆಯಿತು. ತಂದೆತಾಯಿಗಳಿಲ್ಲದ ಮಗುವನ್ನು ನ್ಯಾಯಾಲಯದ ಅನುಮತಿ ಪಡೆದು ಪೋಷಕರು ದತ್ತು ಕೊಡಬಹುದೆಂದಾಯಿತು. ಅವಿವಾಹಿತೆಯೂ ವಿಧವೆಯೂ ತಮ್ಮ ಸ್ವಂತ ಹಕ್ಕಿನಿಂದ ದತ್ತು ಸ್ವೀಕರಿಸಬಹುದೆಂದಾಯಿತು. ಗಂಡನಿರುವ ಹೆಂಗಸಿಗೆ ಈ ಹಕ್ಕು ಬಂದುದು 2010ರ ತಿದ್ದುಪಡಿಯಿಂದ.

ನಮ್ಮ ತುಳುನಾಡಿನಲ್ಲಿ ಇನ್ನೊಂದು ಪದ್ಧತಿಯಿದ್ದಿತು. ಅಳಿಯಸಂತಾನವನ್ನು ಅನುಸರಿಸುತ್ತಿದ್ದ ಕುಟುಂಬಗಳಲ್ಲಿ ಮಗುವು ತಾಯಿಯ ಮನೆಗೆ ಸೇರಿದ್ದು. ತಂದೆ ಸತ್ತರೂ ತಾಯಿ ಸತ್ತರೂ ಅದರ ಊಟದ ಎಲೆ ಎಲ್ಲಿ ಹಾಕಬೇಕೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಒಂದೇ ಕುಟುಂಬ; ಹೆಂಗಸು ಯಜಮಾನ್ತಿಯಾಗುವುದೂ ಉಂಟಾಗಿತ್ತು. ಈ ಪದ್ಧತಿಯನ್ನು ನಾವು ಸರ್ವಗುಣಸಂಪನ್ನವೆಂದು ಹೊಗಳುವುದಿಲ್ಲ. ತಂದೆಯ ದುಡಿಮೆಯ ಫಲವು ಮಕ್ಕಳಿಗೆ ಬಾರದೆ ಹೋಗುತ್ತಿದ್ದುದರಿಂದ ಅದರಲ್ಲಿಯೂ ಕಣ್ಣೀರಿಗೆ ಎಡೆಯಿತ್ತು. 1949ರ ಮದ್ರಾಸು ಅಳಿಯಸಂತಾನ ಅಧಿನಿಯಮದಿಂದ ಪಾಲುಮಾಡಿಕೊಳ್ಳುವುದಕ್ಕೆ ದಾರಿಯಾಯಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಉಳಿದ ಕಟ್ಟನ್ನು ಸಡಿಲಿಸಿತು. ಮಕ್ಕಳಿಗೆ ತಂದೆಯ ಆಸ್ತಿ ಬಂತು. ಆದರೆ ದೊಡ್ಡ ಮನೆ ಒಡೆದು ಚಿಕ್ಕ ಮನೆಗಳಾದವು. ಹತ್ತು ಹೆಂಗಸರು ಹೊರುತ್ತಿದ್ದ ಭಾರವು ಒಬ್ಬಳ ಸೊಂಟದ ಮೇಲೆ ಬಂತು. ನಮ್ಮ ಜಗಲಿಗೆ ಬಂದ ಅಜ್ಜಿಯು ಆ ಒಬ್ಬಳು.

ಅವಳ ಕಷ್ಟಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅಧಿಕಾರದ ಕಷ್ಟ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದಲ್ಲಿ ಸ್ವಾಭಾವಿಕ ಪೋಷಕರೆಂದರೆ ತಂದೆ, ತಾಯಿ. ವಿವಾಹಿತೆಯಾದ ಬಾಲೆಗೆ ಗಂಡ. ಅಜ್ಜಿಯು ಆ ಪಟ್ಟಿಯಲ್ಲಿಲ್ಲ. ರಾತ್ರಿ ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆಯಿಡುವುದಕ್ಕೆ ಅವಳಿಗೆ ಅಡ್ಡಿಯಿಲ್ಲ. ಮಗುವಿನ ಪಾಲಿನ ಜಮೀನಿನ ಕಾಗದಕ್ಕೆ ರುಜು ಹಾಕುವುದಕ್ಕೆ ಅಡ್ಡಿಯುಂಟು. ಇದರಲ್ಲಿ ಒಳ್ಳೆಯ ಉದ್ದೇಶವೂ ಇದೆಯೆಂಬುದನ್ನು ಮರೆಯಬಾರದು. ಸಾಕುತ್ತೇನೆಂದು ಮುಂದೆ ಬಂದು ಅನಾಥರ ಆಸ್ತಿಯನ್ನು ನುಂಗಿದವರು ಊರೂರಿಗೂ ಇದ್ದಾರೆ. ಅವರನ್ನು ತಡೆಯಲು ಕಟ್ಟಿದ ಬೇಲಿಯೇ ಈ ಬಡ ಮುದುಕಿಯ ಕಾಲಿಗೂ ತೊಡರುತ್ತದೆ.

ಎರಡನೆಯದು ಬಂಧುಗಳ ಕಷ್ಟ. ಮಕ್ಕಳ ದೊಡ್ಡಪ್ಪನು ಬಂದು, "ಹುಡುಗನನ್ನು ನಾನು ಕರೆದುಕೊಂಡು ಹೋಗುತ್ತೇನೆ, ಹುಡುಗಿ ನಿಮ್ಮಲ್ಲಿರಲಿ" ಎಂದನಂತೆ. ಸತ್ತ ತಮ್ಮನ ಹೆಸರಿನಲ್ಲಿ ನಲುವತ್ತು ಸೆಂಟ್ಸು ಅಡಿಕೆ ತೋಟವುಂಟು. ಅವನ ಮನಸ್ಸಿನಲ್ಲಿ ವಾತ್ಸಲ್ಯವಿತ್ತೋ ತೋಟವಿತ್ತೋ ನಾವು ಅರಿಯೆವು, ಎರಡೂ ಇದ್ದಿರಬಹುದು. ಆದರೆ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ಉಳಿದ ಒಂದೇ ರಕ್ತದ ಗುರುತು ಒಬ್ಬರಿಗೊಬ್ಬರು. ಅದನ್ನೂ ಪಾಲುಮಾಡಲು ಅಜ್ಜಿಯು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ, ಮುದುಕಿಗೆ ತೋಟದ ಆಸೆ ಎಂಬ ಮಾತು ಊರಿನಲ್ಲಿ ಹಬ್ಬಿತು.

ಮೂರನೆಯದು ದುಡಿಮೆಯ ಕಷ್ಟ. ಕಛೇರಿಗೆ ಹೋದ ದಿನ ಬೀಡಿಯಿಲ್ಲ. ಬೀಡಿಯಿಲ್ಲದ ದಿನ ಕೂಲಿಯಿಲ್ಲ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲವೆಂಬುದು ಸರಿ. ಆದರೆ ನಮ್ಮ ಈ ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಅಲ್ಲಿ ಆ ಸೌಲಭ್ಯವಿಲ್ಲ. "ನಾಳೆ ಬನ್ನಿ" ಎಂಬ ಎರಡು ಪದಗಳನ್ನು ಆಡುವವನಿಗೆ ಖರ್ಚಿಲ್ಲ. ಕೇಳುವವಳಿಗೆ ಅದು ಒಂದು ದಿನದ ಅನ್ನ. ಇದರ ಪರಿಣಾಮವು ಕೊನೆಗೆ ಬೀಳುವುದು ಹುಡುಗಿಯ ಮೇಲೆ. ಅಜ್ಜಿಯ ಬೆರಳು ನಿಧಾನವಾದರೆ ಮೊಮ್ಮಗಳ ಬೆರಳು ಗೆರಸೆಗೆ ಬರುತ್ತದೆ. ನಾವು ಹಿಂದೆ ಹೇಳಿದ ಆ ವಿದ್ಯಾರ್ಥಿನಿಯ ಕಥೆಯು ಹೀಗೆ ಮತ್ತೆ ಆರಂಭವಾಗುತ್ತದೆ.

ಸಾಕುವವಳು ಮುದುಕಿಯಲ್ಲದೆ ಮದುವೆಯಾಗದ ಚಿಕ್ಕಮ್ಮನಾದರೆ ಕಷ್ಟದ ರೂಪವೇ ಬೇರೆ. ಅಕ್ಕನ ಮಗುವನ್ನು ಸೊಂಟದಲ್ಲಿ ಹೊತ್ತವಳನ್ನು ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಮಗುವನ್ನು ಬಿಟ್ಟು ಬಾ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಉತ್ತರವನ್ನೇ ಕಳುಹಿಸುವುದಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮದುವೆಗೆ ಬೆಳೆದ ಗಂಡುಮಕ್ಕಳಿದ್ದಾರೆ. ಅಂಥ ಕನ್ಯೆಯ ಮನೆಯಿಂದ ಎದ್ದುಬರುವ ಮೊದಲು, ಪರರ ಮಗುವನ್ನು ಹೀಗೆ ಸಾಕಿದವಳಿಗಿಂತ ಒಳ್ಳೆಯ ಸೊಸೆ ತಮಗೆ ಎಲ್ಲಿ ದೊರೆಯುವಳೆಂದು ತಾಯಂದಿರು ಒಮ್ಮೆ ಯೋಚಿಸಲಿ.

ಇನ್ನು ಪರಿಹಾರದ ಮಾತು. 2021ರಲ್ಲಿ ಕೊರೋನಾ ರೋಗದ ಎರಡನೆಯ ಅಲೆಯು ಹಲವು ಮನೆಗಳನ್ನು ಬರಿದುಮಾಡಿದಾಗ ಲೋಕದ ಕಣ್ಣು ಅನಾಥರ ಕಡೆಗೆ ತಿರುಗಿತು. ಕೇಂದ್ರಸರಕಾರವು ಪಿ.ಎಂ. ಕೇರ್ಸ್ ಮಕ್ಕಳ ಯೋಜನೆಯನ್ನು ಪ್ರಕಟಿಸಿ, 2020ರ ಮಾರ್ಚ್ 11ರಿಂದೀಚೆಗೆ ಆ ರೋಗದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳ ಹೆಸರಿನಲ್ಲಿ 10 ಲಕ್ಷ ರೂಪಾಯಿ ನಿಧಿಯ ಏರ್ಪಾಡು ಮಾಡಿತು. ನಮ್ಮ ರಾಜ್ಯ ಸರಕಾರವು ಮುಖ್ಯಮಂತ್ರಿ ಬಾಲಸೇವಾ ಯೋಜನೆಯಡಿ ಅಂಥ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯನ್ನು ಘೋಷಿಸಿತು. ಇವು ಸ್ತುತ್ಯವೇ. ಆದರೆ ಅಡಿಕೆಯ ಮರದಿಂದ ಬಿದ್ದವನ ಮಕ್ಕಳೂ ಅನಾಥರೇ. ಬೆಳಗಾವಿ, ಬಾಗಲಕೋಟೆಗಳ ಕಡೆ ಎಚ್.ಐ.ವಿ. ಸೋಂಕಿನಿಂದ ನಡುಪ್ರಾಯದವರು ತೀರಿಹೋಗಿ, ಅಜ್ಜಿಯೂ ಮೊಮ್ಮಕ್ಕಳೂ ಮಾತ್ರ ಉಳಿದ ಮನೆಗಳುಂಟು. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳಲ್ಲಿ ಅಂಥ ಮನೆಗಳಿಂದಲೇ ತುಂಬಿದ ಹಳ್ಳಿಗಳುಂಟು. ಸಾವಿನ ಕಾರಣ ಬೇರೆಯಾದರೂ ಹಸಿವು ಒಂದೇ.

ಸಾವಿನ ಕಾರಣವನ್ನು ಕೇಳದ ಒಂದು ಸಹಾಯವೂ ಇದೆ; ಹಳ್ಳಿಯ ಹೆಂಗಸರಲ್ಲಿ ಅದನ್ನು ಅರಿತವರು ಬಹಳ ಕಡಿಮೆ. 2015ರ ಬಾಲನ್ಯಾಯ ಅಧಿನಿಯಮದ ಪ್ರಕಾರ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೂ ಉಂಟು. ಮಗುವು ಬಂಧುಗಳ ಮನೆಯಲ್ಲಿಯೇ ಬೆಳೆಯುವಂತೆ ಪ್ರಾಯೋಜಕತ್ವವೆಂಬ ಹೆಸರಿನಲ್ಲಿ ಮಿಷನ್ ವಾತ್ಸಲ್ಯದ 2022ರ ನಿಯಮಗಳಂತೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ. ಹಳ್ಳಿಯಲ್ಲಿ ಮನೆಯ ವಾರ್ಷಿಕ ಆದಾಯವು 72,000 ರೂಪಾಯಿಯನ್ನು ಮೀರಿರಬಾರದು. ಮಗುವನ್ನು ಅನಾಥಾಲಯಕ್ಕೆ ಕಳುಹಿಸುವುದು ಕೊನೆಯ ದಾರಿ, ಮನೆಯೇ ಮೊದಲನೆಯ ದಾರಿ ಎಂಬುದು ಈ ಕಾನೂನಿನ ತಿರುಳು. ನಮ್ಮ ಮಂಗಳೂರಿನ ಅನಾಥಾಲಯಗಳು ಎಷ್ಟೋ ಮಕ್ಕಳನ್ನು ಕಾಪಾಡಿವೆ. ಅವನ್ನು ನಾವು ಹಳಿಯುವುದಿಲ್ಲ. ಆದರೆ ಅಜ್ಜಿಯ ಮಡಿಲಿದ್ದಾಗ, ಕೇವಲ ಬಡತನದ ಕಾರಣದಿಂದ ಮಗುವು ಅಲ್ಲಿಗೆ ಹೋಗತಕ್ಕುದಲ್ಲ.

ಇಂಥ ಹೆಂಗಸಿಗೆ ನೆರವಾಗಬಯಸುವ ಗೃಹಸ್ಥರು ಕ್ರಮವಾಗಿ ಮಾಡಬೇಕಾದುದನ್ನು ಇಲ್ಲಿ ಸಂಗ್ರಹಿಸುತ್ತೇವೆ. ಮೊದಲು, ತಂದೆತಾಯಿಗಳಿಬ್ಬರ ಮರಣಪತ್ರಗಳು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಾಗುತ್ತದೆ. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ, ನೆರೆಯವರೇ ನೆನಪಿಟ್ಟುಕೊಳ್ಳಬೇಕು. ಎರಡು, ಮಕ್ಕಳನ್ನೂ ಅಜ್ಜಿಯನ್ನೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗುವುದು. ದಾರಿ ತಿಳಿಯದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಮಾತನಾಡಬಹುದು. ಮೂರು, ಜಮೀನಿದ್ದರೆ ಪೌತಿ ಖಾತೆಯ ಅರ್ಜಿ ಹಾಕಿ, ಹುಡುಗ ಹುಡುಗಿ ಇಬ್ಬರ ಹೆಸರನ್ನೂ ಪಹಣಿಯಲ್ಲಿ ಸೇರಿಸುವುದು. ಹುಡುಗಿಯ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ನಾಲ್ಕು, ಆಸ್ತಿಯ ಅಥವಾ ಪೋಷಕತ್ವದ ತಂಟೆಯಿದ್ದರೆ 1890ರ ಪೋಷಕರು ಮತ್ತು ಪೋಷಿತರ ಅಧಿನಿಯಮದಂತೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ. ಇದು ಎಲ್ಲ ಮತದವರಿಗೂ ಅನ್ವಯಿಸುವಂಥದು. ಅಲ್ಲಿ ನೋಡುವುದು ಮಗುವಿನ ಹಿತವನ್ನು. ತಿಳುವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುವರು. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಐದು, ಶಾಲೆ. 2009ರ ಶಿಕ್ಷಣದ ಹಕ್ಕಿನ ಅಧಿನಿಯಮದಂತೆ ವಯಸ್ಸಿನ ಪ್ರಮಾಣಪತ್ರವಿಲ್ಲವೆಂದು ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಪ್ರಾರ್ಥನೆ: "ಅಪ್ಪನನ್ನು ಕರೆದುಕೊಂಡು ಬಾ" ಎಂದು ಹೇಳುವ ಬದಲು "ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರನ್ನು ಕರೆದುಕೊಂಡು ಬಾ" ಎಂದು ಹೇಳಿರಿ. ನಾವು ಆ ಒಂದು ಮಾತನ್ನು ಕಲಿಯುವುದಕ್ಕೆ ಒಂದು ಹುಡುಗಿಯ ವಿದ್ಯೆಯನ್ನು ಬೆಲೆಯಾಗಿ ತೆತ್ತೆವು. ತೆತ್ತವಳು ಅವಳು, ನಾವಲ್ಲ.

ನಮ್ಮ ಜಗಲಿಯ ಅಜ್ಜಿಯ ಕಾರ್ಯವು ಎಲ್ಲಿಗೆ ಬಂತೆಂದು ವಾಚಕರು ಕೇಳಬಹುದು. ಪೂರ್ತಿಯಾಗಿಲ್ಲ. ಮರಣಪತ್ರಗಳು ದೊರೆತವು. ಸಮಿತಿಯ ಮುಂದೆ ಹೋಗುವ ದಿನ ನಮ್ಮ ಮನೆಯವರೂ ಜೊತೆಗೆ ಹೋದರು; ಮಕ್ಕಳಿಬ್ಬರನ್ನೂ ಅಗಲಿಸದೆ ಅಜ್ಜಿಯಲ್ಲಿಯೇ ಇರಿಸಿದ್ದಾರೆ. ಸಹಾಯಧನದ ಅರ್ಜಿ ಹೋಗಿದೆ. ಹಣ ಇನ್ನೂ ಬಂದಿಲ್ಲ. ಪೌತಿ ಖಾತೆಗೆ ದೊಡ್ಡಪ್ಪನು ತಕರಾರು ಹಾಕಿದ್ದಾನೆ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ.

ಮೊನ್ನೆ ಬಂದಾಗ ಆ ಅಜ್ಜಿಯು ಕಾಗದದ ಮಾತನ್ನೆಲ್ಲ ಮುಗಿಸಿ, ಮಕ್ಕಳು ಅಂಗಳಕ್ಕೆ ಇಳಿದ ಮೇಲೆ ಮೆಲ್ಲನೆ ಕೇಳಿದಳು: "ಎಲ್ಲ ಆಯಿತು ಮಾಷ್ಟ್ರೇ. ನಾನು ಹೋದರೆ?" ಹುಡುಗನಿಗೆ ಹದಿನೆಂಟು ತುಂಬಲು ಇನ್ನು ಹನ್ನೆರಡು ವರ್ಷ ಬೇಕು, ಆಗ ಅಜ್ಜಿಗೆ ಎಂಭತ್ತು. ಈ ಲೆಕ್ಕವನ್ನು ಅವಳು ನಮಗಿಂತ ಮೊದಲೇ ಮಾಡಿದ್ದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ನಮ್ಮ ಮನೆಯವರು. "ಅಕ್ಕಾ, ನಿಮ್ಮ ನೆರೆಮನೆಯಲ್ಲಿ ಮಕ್ಕಳು ಯಾರನ್ನು ಬಾಯಿತುಂಬ ಕರೆಯುತ್ತಾರೆ?" ಎಂದು ಕೇಳಿದರು. ಒಬ್ಬಳು ಇದ್ದಾಳೆ, ಬೀಡಿ ಒಟ್ಟಿಗೆ ಕಟ್ಟುವವಳು, ಹುಡುಗಿಗೆ ತಲೆ ಬಾಚುವವಳು ಎಂದು ಅಜ್ಜಿ ಹೇಳಿದಳು. "ಹಾಗಾದರೆ ಮುಂದಿನ ಸಲ ಅವಳನ್ನೂ ಕರೆದುಕೊಂಡು ಬನ್ನಿ. ಸಮಿತಿಯವರು ಅವಳ ಮುಖವನ್ನೂ ಈಗಲೇ ನೋಡಿರಲಿ."

ಇದು ಕಾನೂನಿನ ಮಾತಲ್ಲ. ಆ ಹೆಂಗಸಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ. ಆದರೂ ಆ ದಿನ ಬಂದಾಗ ಮಕ್ಕಳ ಕೈಯನ್ನು ಹಿಡಿಯುವವಳು ಯಾರೆಂಬುದು ಹತ್ತು ಜನರಿಗೆ ತಿಳಿದಿರುತ್ತದೆ. ಈ ಲೇಖನವನ್ನು ಓದಿದ ಗೃಹಿಣಿಯರು ತಮ್ಮ ಬೀದಿಯಲ್ಲಿ, ತಮ್ಮ ಹಳ್ಳಿಯಲ್ಲಿ ಇಂಥ ತಾಯಿಯಲ್ಲದ ತಾಯಿಯೊಬ್ಬಳು ಇರುವಳೇ ಎಂದು ನೋಡಲಿ. ಇದ್ದರೆ ಅವಳ ಮನೆಗೆ ಹೋಗಿ ಅಯ್ಯೋ ಪಾಪ ಎನ್ನುವುದು ಬೇಡ. ಮುಂದಿನ ಸಲ ಅವಳು ಕಛೇರಿಗೆ ಹೋಗುವ ದಿನ ಯಾವುದೆಂದು ಕೇಳಿರಿ. ಆ ದಿನ ಮಕ್ಕಳಿಗೆ ನಿಮ್ಮಲ್ಲಿ ಊಟವಾಗಲಿ.